ಏಳನೆಯ ಪೊಟ್ಟಣದ ಹಸಿರು

ನಮ್ಮ ವನಮಾಲತ್ತೆಯಂಥ ಪುಕ್ಕಲಿ ಮುಂಬಯಿಯ ಭಾಂಡುಪಿನಲ್ಲೇ ಇನ್ನೊಬ್ಬಳಿರಲಿಲ್ಲ. ಲೋಕಲ್ ರೈಲು ಹತ್ತುವಾಗ ಹೆದರಿಕೆ, ಇಳಿಯುವಾಗ ಹೆದರಿಕೆ, ಆಫೀಸಿನಲ್ಲಿ ಸಾಹೇಬರು ಕೆಮ್ಮಿದರೂ ಹೆದರಿಕೆ. ೧೯೮೭ರಲ್ಲಿ ಸಮುದ್ರದ ನೀರು ಪರೀಕ್ಷಿಸುವ ಲ್ಯಾಬೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಎರಡು ವರ್ಷ ತಪ್ಪಿಲ್ಲದೆ ಮಾಡಿದರೆ ಖಾಯಂ.

ನಡುಗಡಲಿನ ನೀರನ್ನು ಹಡಗಿನಲ್ಲೇ ಸೋಸಿ, ಸೋಸಿದ ಕಾಗದಗಳನ್ನು ಬೆಳಕು ತಾಗದಂತೆ ಪೊಟ್ಟಣ ಕಟ್ಟಿ ಐಸಿನಲ್ಲಿಟ್ಟು ಕಳಿಸುತ್ತಿದ್ದರು. ಅತ್ತೆ ಪರದೆ ಎಳೆದುಕೊಂಡು ಅವನ್ನು ಅಸಿಟೋನಿನಲ್ಲಿ ಅರೆದು, ಒಂದು ದಿನ ಕತ್ತಲೆಯಲ್ಲಿಟ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ತೇಲುಸಸ್ಯಗಳ ಹಸಿರು ಎಷ್ಟಿದೆಯೆಂದು ಯಂತ್ರದಲ್ಲಿ ಅಳೆಯುತ್ತಿದ್ದಳು.

ಖಾಯಂ ಆಗಲು ಇನ್ನೊಂದು ವಾರವಿದೆ ಎನ್ನುವಾಗ ಕಡಲಿನ ಹತ್ತು ಜಾಗಗಳಿಂದ ಹತ್ತು ಪೊಟ್ಟಣ ಬಂದವು. ಒಂಬತ್ತರಲ್ಲಿ ಹಸಿರು ಇದ್ದೂ ಇಲ್ಲದಂತೆ. ಏಳನೆಯದರಲ್ಲಿ ಮಾತ್ರ ಐದು ಪಟ್ಟು! ಅತ್ತೆ ಅಳತೆಯ ನಳಿಕೆಯನ್ನೆತ್ತಿ ನೋಡಿದಳು. ಹಿಂದಿನ ದಿನ ಅದೇ ನಳಿಕೆಯಲ್ಲಿ ಖಾಡಿಯ, ಅಂದರೆ ಊರಂಚಿನ ಹಿನ್ನೀರಿನ, ಪಾಚಿನೀರು ಅಳೆದಿದ್ದಳು. ತಾನೇ ಸರಿಯಾಗಿ ತೊಳೆದಿಲ್ಲ, ಗೊತ್ತಾದರೆ ಕೆಲಸ ಹೋಯಿತು ಎಂದುಕೊಂಡಳು. ಆರನೆಯದಕ್ಕೆ ಹೊಂದುವಂಥ ಅಂಕಿಯೊಂದನ್ನು ಏಳರ ಮುಂದೆ ದುಂಡಗೆ ಬರೆದು, ಹಸಿರು ದ್ರವವನ್ನು ಸಿಂಕಿಗೆ ಸುರಿದುಬಿಟ್ಟಳು.

ಮೂರನೆಯ ದಿನ ಹಡಗಿನಿಂದ ವಿಜ್ಞಾನಿ ವೆಂಕಟಸುಬ್ಬಯ್ಯನವರು ಬಂದರು. ಕೈಯಲ್ಲಿ ನೀರಿನ ಶಾಖದ ನಕ್ಷೆ, ಮುಖದಲ್ಲಿ ಹಬ್ಬದ ಕಳೆ.

"ಏಳನೇ ಜಾಗದಲ್ಲಿ ನೀರು ದೊಡ್ಡ ಸುಳಿಯಾಗಿ ತಿರುಗ್ತಿತ್ತಮ್ಮಾ. ಆಳದ ತಣ್ಣೀರು ಮೇಲಕ್ಕೆ ಬಂದಿದೆ. ಈ ಸಸ್ಯಗಳಿಗೆ ಊಟ ಇರೋದೇ ಅದರಲ್ಲಿ. ಹಸಿರು ಜಾಸ್ತಿ ಬಂದಿರ್ಬೇಕಲ್ಲ?"

ಅತ್ತೆ ನಳಿಕೆ ತೊಳೆಯಲು ತಿರುಗಿದಳು. ಅವರು ತಾವೇ ರಿಜಿಸ್ಟರ್ ನೋಡಿದರು. "ಹಾಗಾದ್ರೆ ನನ್ನ ಲೆಕ್ಕಾಚಾರವೇ ತಪ್ಪು" ಎಂದು ನಕ್ಷೆಯ ಮೇಲೆ ಅಡ್ಡಗೆರೆ ಎಳೆಯಲು ಪೆನ್ನು ತೆಗೆದರು.

"ಬೇಡಿ ಸಾರ್, ಬಂದಿತ್ತು" ಎಂದಳು ಅತ್ತೆ. ಅಳುತ್ತಲೇ ಎಲ್ಲವನ್ನೂ ಹೇಳಿದಳು.

"ಆ ದ್ರವ ಎಲ್ಲಮ್ಮಾ?"

"ಚೆಲ್ಲಿಬಿಟ್ಟೆ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅತ್ತೆ ಈಗಲೂ ಹೇಳುತ್ತಾಳೆ. "ಈಗ ನಿಜವಾದ ಅಂಕಿ ಬರೆದ್ರೂ ಯಾರು ನಂಬ್ತಾರೆ? ಆ ಸುಳಿ ಅಲ್ಲೇ ನಿಂತಿರುತ್ತಾ ನಮಗೋಸ್ಕರ?" ಎಂದಷ್ಟೇ ಹೇಳಿ ಹೊರಟರು.

ಅವರು ಈ ವಿಷಯ ಯಾರ ಬಳಿಯೂ ಎತ್ತಲಿಲ್ಲ, ಕೆಲಸ ಖಾಯಂ ಆಯಿತು. ಮರುವರ್ಷ ವರದಿ ಅಚ್ಚಾದಾಗ ಅತ್ತೆ ಒಂದು ಪ್ರತಿ ಮನೆಗೆ ತಂದಳು. ನಕ್ಷೆಯಲ್ಲಿ ಒಂಬತ್ತೇ ಚುಕ್ಕೆಗಳು. ಏಳನೆಯ ಜಾಗ ಖಾಲಿ. ಪೆನ್ಸಿಲ್ ತೆಗೆದುಕೊಂಡು ಅಲ್ಲೊಂದು ಚುಕ್ಕೆ ಇಟ್ಟಳು. ಬಾಗಿಲಲ್ಲಿ ನಾನು ನಿಂತದ್ದು ಕಂಡು, ಬೆಚ್ಚಿಬಿದ್ದು ಅಳಿಸಿಬಿಟ್ಟಳು.