ಯಾರೂ ತಲುಪದ ಸಾಲುಗಳು ಮತ್ತು ಊಟದ ನಂತರದ ಮಾತ್ರೆ

ನನ್ನ ಕೆಲಸ ಏನೆಂಬುದನ್ನು ನಮ್ಮ ದೊಡ್ಡಪ್ಪ ದುದ್ದದ ಟೀ ಅಂಗಡಿಯಲ್ಲಿ ವಿವರಿಸುವುದು ಹೀಗೆ: “ಕಂಪ್ಯೂಟ್ರೊಳ್ಗೆ ಯಾರೂ ಓಗ್ದೆ ಇರೋ ಜಾಗ ಇರ್ತವಂತೆ ಕಣ್ಲಾ. ನಮ್ ಉಡ್ಗಿ ಅವ್ನೆಲ್ಲ ಉಡ್ಕಿ ಕಿತ್ತಾಕ್ತಳೆ. ಅದುಕ್ಕೆ ಸಂಬ್ಳ ಕೊಡ್ತರೆ!” ಹೇಳುವಾಗ ಅವರಿಗೆ ನನ್ನ ಮೇಲೆ ಹೆಮ್ಮೆ, ಸಂಬಳ ಕೊಡುವವರ ಮೇಲೆ ಕನಿಕರ. ಅವರು ಹೇಳುವುದು ಸುಳ್ಳಲ್ಲವಲ್ಲ ಎಂಬುದೇ ನನ್ನ ಸಿಟ್ಟು.

ಕಂಪ್ಯೂಟರನ್ನು ಒಳಗಿನಿಂದ ನಡೆಸುವ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಅದಕ್ಕಾಗಿ ನಾವು ಬರೆದ ಸಾಲುಗಳನ್ನು ಓದಿ ಯಂತ್ರಕ್ಕೆ ಅರ್ಥವಾಗುವಂತೆ ಮಾಡಿಕೊಡುವುದು ಕಂಪೈಲರ್. ಅದರದು ಸದಾ ಗೊಣಗುವ ಸ್ವಭಾವ. ಕೆಲವು ಸಾಲುಗಳನ್ನು ಕಂಡರೆ, ಇಲ್ಲಿಗೆ ಯಾವ ದಾರಿಯಿಂದಲೂ ಬರಲಾಗದು ಎಂದು ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆ ಯಾಕೆ ಬಂತೆಂದು ಪತ್ತೆ ಮಾಡುವುದು ನನ್ನ ಪಾಲಿನ ಕೆಲಸ. ಚಿಕ್ಕರಸಿನಕೆರೆ ಹತ್ತಿರದ ನಮ್ಮೂರಿನಲ್ಲಿ, ಮನೆಯ ಜಗುಲಿಯಲ್ಲೇ ಕೂತು ಮಾಡುತ್ತೇನೆ. ಕರೆಂಟು ಇದ್ದರೆ.

ಆ ದಿನ ಪಿತೃಪಕ್ಷ. ಅಪ್ಪ ಹೋದ ಮೇಲೆ ಬಂದ ಮೊದಲನೆಯದು. ಅಪ್ಪನಿಗೆ ಕಜ್ಜಾಯ ಎಂದರೆ ಪ್ರಾಣ, ಮೈಯಲ್ಲಿ ಸಕ್ಕರೆ ಕಾಯಿಲೆ. ಹಿಂದಿನ ವರ್ಷದ ಪಕ್ಷದಲ್ಲಿ ಅವರು ತಟ್ಟೆಗೆ ಕೈ ಚಾಚಿದಾಗ ಅಮ್ಮ ತಟ್ಟೆಯನ್ನೇ ಎಳೆದುಕೊಂಡಿದ್ದಳು. ಅವರು ಕೈ ತೊಳೆದುಕೊಂಡು ಎದ್ದರು. ಆಮೇಲೆ ಚಳಿಗಾಲದಲ್ಲಿ, ಸಕ್ಕರೆಗೆ ಸಂಬಂಧವೇ ಇಲ್ಲವೆಂಬಂತೆ, ಎದೆ ನೋವು ಬಂದು ಹೋಗಿಬಿಟ್ಟರು. ಅಮ್ಮ ಅವತ್ತಿನಿಂದ ಅತ್ತದ್ದನ್ನು ನಾನು ನೋಡಿರಲಿಲ್ಲ. ಆ ಬೆಳಗ್ಗೆ ಬಾಣಲೆಯ ಮುಂದೆ ಕೂತು ಹೇಳಿದಳು: “ಈ ಒಂದಿನ ಅವ್ರು ಒಟ್ಟೆ ತುಂಬ ಕಜ್ಜಾಯ ತಿನ್ಬೇಕು ಕಣವ್ವ. ಅಷ್ಟೇಯ ನಂಗೆ ಬೇಕಿರೋದು.”

ನನಗೆ ಅದೇ ಹೊತ್ತಿಗೆ ಮೇಲಧಿಕಾರಿಯಿಂದ ಸಂದೇಶ ಬಂತು. ಯಂತ್ರವನ್ನು ಪೂರ್ತಿ ನಿಲ್ಲಿಸಿಬಿಡುವ ಒಂದು ಫಂಕ್ಷನ್, ಆ ಒಂದು ಕೆಲಸಕ್ಕೆಂದೇ ಬರೆದ ಸಾಲುಗಳ ಗುಂಪು, ಇದೆ. ಅದನ್ನು ಕರೆಯುವ ಸಾಲಿನ ಕೆಳಗೆ ಯಾರೋ ಪುಣ್ಯಾತ್ಮರು ಇನ್ನೂ ಸ್ವಲ್ಪ ಸಾಲು ಬರೆದಿದ್ದರು: ದೀಪ ಆರಿಸು, ಸುದ್ದಿ ತಿಳಿಸು, ಹಿಂದಿರುಗು. ನಿಂತ ಯಂತ್ರ ದೀಪ ಆರಿಸುವುದೆಲ್ಲಿಂದ? ಕಂಪೈಲರ್ ಎಚ್ಚರಿಕೆ ಕೊಟ್ಟಿತ್ತು. “ಕಿತ್ತು ಹಾಕಿ, ಹಾಯಾಗಿ ಹಬ್ಬ ಮಾಡಿ,” ಎಂದಿದ್ದರು ಮೇಲಧಿಕಾರಿ. ನನ್ನನ್ನು ಕಾಡಿದ್ದು ಒಂದೇ ವಿಷಯ. ಅದೇ ಸಾಲುಗಳನ್ನು ಬೇರೆ ಬೋರ್ಡುಗಳಿಗಾಗಿ, ಅಂದರೆ ಬೇರೆ ಬಗೆಯ ಯಂತ್ರಗಳಿಗಾಗಿ, ಕಂಪೈಲ್ ಮಾಡಿದರೆ ಎಚ್ಚರಿಕೆಯೇ ಇಲ್ಲ. ಒಂದು ಬೋರ್ಡಿಗೆ ಮಾತ್ರ ಗೊಣಗಾಟ.

ನೋಡೋಣ ಎಂದು ಕೂರುವಷ್ಟರಲ್ಲಿ ಒಳಗೆ ಗಲಾಟೆ ಎದ್ದಿತು. ನಮ್ಮ ಕಡೆ ಪಕ್ಷದಲ್ಲಿ ತೀರಿಹೋದವರಿಗೆ ಇಷ್ಟವಾದುದನ್ನೆಲ್ಲ ಬಾಳೆ ಎಲೆಯ ಮೇಲೆ ಬಡಿಸಿ ಎಡೆ ಇಡುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುತ್ತಾರೆ, ಹಿರಿಯರು ಬಂದು ನೆಮ್ಮದಿಯಾಗಿ ಉಣ್ಣಲಿ ಎಂದು. ಅಮ್ಮ ಮುದ್ದೆ, ಬಾಡಿನ ಸಾರು, ಕಜ್ಜಾಯ ಎಲ್ಲ ಬಡಿಸಿ, ಎಲೆಯ ಬಲಮೂಲೆಯಲ್ಲಿ ಅಪ್ಪನ ಮಾತ್ರೆಯ ಪಟ್ಟಿ ಇಟ್ಟಿದ್ದಳು. ದುದ್ದದಿಂದ ಬೆಳಗಿನ ಬಸ್ಸಿಗೇ ಬಂದಿದ್ದ ದೊಡ್ಡಪ್ಪ ಅದನ್ನು ಹಾವು ನೋಡಿದವರ ಹಾಗೆ ನೋಡುತ್ತಿದ್ದರು.

“ಇದೇನಮ್ಮ ಇದು?”

“ಸುಗರ್ ಮಾತ್ರೆ ಬಾವ. ಊಟ ಆದ್ಮೇಲ್ ತಕಳೋದು.”

“ಸತ್ತೋನ್ಗೆ ಎಂತಾ ಸುಗರ್ರು ಕಣಮ್ಮ!”

“ಕಜ್ಜಾಯ ತಿನ್ನಕ್ಕೆ ಬತ್ತರೆ ಅಂದ್ಮೇಲೆ ಸುಗರ್ರೂ ಬರಕಿಲ್ವಾ?”

ಕಜ್ಜಾಯ ತಿನ್ನಲು ಬರುವುದಿಲ್ಲ ಎಂದು ಎಡೆಯ ಮುಂದೆ ನಿಂತು ಹೇಳುವ ಧೈರ್ಯ ಯಾರಿಗಿದೆ? ಆದ್ದರಿಂದ ದೊಡ್ಡಪ್ಪ ವ್ಯಂಗ್ಯಕ್ಕೆ ಇಳಿದರು. “ಅಂಗಾರೆ ಕನ್ನಡ್ಕನೂ ಮಡಗು. ಯಾವ್ ಮಾತ್ರೆ ಅಂತ ನೋಡ್ಕಬ್ಯಾಡ್ವಾ ಅವ್ನು?”

ಅಮ್ಮನಿಗೆ ಇದು ಸರಿಯೆನಿಸಿತು. ಬೀರುವಿನಿಂದ ಕನ್ನಡಕ ತಂದು, ಸೆರಗಿನಲ್ಲಿ ಒರೆಸಿ, ಮಾತ್ರೆಯ ಪಕ್ಕ ಇಟ್ಟಳು.

“ರಕ್ತ ಪರೀಕ್ಸೆ ಮಾಡೋ ಮಿಸಿನ್ನೂ ತಂದಿಟ್ಬುಡು ಅತ್ಲಾಗೆ!”

ಅದೂ ಬಂತು. ಸೆಲ್ ಹೋಗಿದೆ, ಹೊಸದು ಹಾಕು ಎಂದು ಅಮ್ಮ ನನ್ನ ಕೈಗೆ ಕೊಟ್ಟಳು. ಸೆಲ್ ಹಾಕಬಹುದು, ಬೆರಳು ಚುಚ್ಚಿದರೆ ರಕ್ತ ಬರಬೇಕಲ್ಲ ಎಂದು ಕೇಳುವವಳಿದ್ದೆ, ನಾಲಿಗೆ ಕಚ್ಚಿಕೊಂಡೆ. ನಗು ಬರುತ್ತಿತ್ತು. ನಗಲು ಹೋದರೆ ಅಳು ಬರುತ್ತದೆ ಎಂದೂ ಗೊತ್ತಿತ್ತು.

ದೊಡ್ಡಪ್ಪ ಕೊನೆಗೆ ನನ್ನ ಕಡೆ ತಿರುಗಿದರು. “ನೀನೇ ಏಳವ್ವ. ಯಾರೂ ಬರ್ದೆ ಇರೋ ತಾವ ಏನೂ ಇರಬಾರ್ದು ಅನ್ನೋದೇ ಅಲ್ವಾ ನಿನ್ ಕೆಲ್ಸ? ಕಿತ್ತಾಕು.”

“ಪತ್ತೆ ಮಾಡದೆ ಕೀಳೋ ಹಾಗಿಲ್ಲ ದೊಡ್ಡಪ್ಪ.”

“ಮಾಡು ಮತ್ತೆ ಪತ್ತೆಯ.”

“ಬಾಗಿಲು ಹಾಕಿದ ಮೇಲೆ ಒಬ್ಬರು ಒಳಗೇ ಕೂತು ನೋಡಬೇಕಾಗುತ್ತೆ.”

“ಯಾರಾರ ಕುಂತಿದ್ರೆ ಅವ್ನು ಬರಕಿಲ್ಲ ಕಣವ್ವ,” ಎಂದರು ದೊಡ್ಡಪ್ಪ, ತಮ್ಮ ವಾದವನ್ನೇ ಮರೆತು. ನೋಡಲು ಹೋದರೆ ಮಾಯವಾಗುವ ದೋಷಗಳು ನಮ್ಮ ಕೆಲಸದಲ್ಲೂ ಇವೆ, ಅವುಗಳಿಂದ ನನಗೆ ತಲೆನೋವು ಬಂದದ್ದೂ ಇದೆ. ನಾನು ತೀರ್ಪು ಕೊಟ್ಟೆ: ಪತ್ತೆಯಾಗುವವರೆಗೆ ಮಾತ್ರೆ ಇದ್ದ ಜಾಗದಲ್ಲೇ ಇರಲಿ. ಅಮ್ಮ ಬಾಗಿಲು ಹಾಕಿದಳು.

ಮೂವರೂ ಜಗುಲಿಯ ಮೇಲೆ ಕೂತೆವು. ಸುಮ್ಮನೆ ಕೂರಲಾಗದೆ ನಾನು ಲ್ಯಾಪ್‌ಟಾಪ್ ತೆಗೆದೆ. ಹುಡುಕಿದರೆ ಕಾರಣ ಸಣ್ಣದು. ಆ ಒಂದು ಬೋರ್ಡಿನ ಫಂಕ್ಷನ್ನುಗಳ ಪರಿಚಯ ಇರುವ ಹೆಡರ್ ಫೈಲಿನಲ್ಲಿ ಯಾರೋ, ಈ ಫಂಕ್ಷನ್ ಹೋದರೆ ಹಿಂದಿರುಗುವುದಿಲ್ಲ ಎಂದು ಗುರುತು ಹಾಕಿದ್ದರು. ಕಂಪೈಲರ್ ಆ ಮಾತನ್ನು ನಂಬಿ, ಮುಂದಿನ ಸಾಲುಗಳನ್ನು ಕೈಬಿಟ್ಟಿತ್ತು. ಆದರೆ ಅದೇ ಬೋರ್ಡನ್ನು ಪರೀಕ್ಷೆಗೆ ಇಟ್ಟಾಗ ಯಂತ್ರ ನಿಲ್ಲುವುದೇ ಇಲ್ಲ, ನಿಂತಂತೆ ಮಾಡಿ ವಾಪಸು ಬರುತ್ತದೆ. ಆ ಭಾಗ ಬೇರೆ ಫೈಲಿನಲ್ಲಿ, ಯಂತ್ರದ ಭಾಷೆಗೆ ತೀರ ಹತ್ತಿರದ ಅಸೆಂಬ್ಲಿಯಲ್ಲಿ ಕೈಯಾರೆ ಬರೆದದ್ದು; ಕಂಪೈಲರಿನ ಕಣ್ಣಿಗೆ ಬೀಳುವುದಿಲ್ಲ. ವಾಪಸು ಬಂದ ಯಂತ್ರ ತನ್ನ ಸಾಲುಗಳು ಸಿಗದೆ, ಪಕ್ಕದ ಫಂಕ್ಷನ್ನಿನೊಳಗೆ ನುಗ್ಗಿ ಅಲ್ಲಿ ರಾದ್ಧಾಂತ ಮಾಡುತ್ತದೆ. ಸಾಲುಗಳಲ್ಲಿ ತಪ್ಪಿರಲಿಲ್ಲ, ಹಿಂದಿರುಗುವುದಿಲ್ಲ ಎಂಬ ಗುರುತೇ ತಪ್ಪು. ಗುರುತು ತೆಗೆದೆ, ಎಚ್ಚರಿಕೆ ಹೋಯಿತು, ಕಾರಣ ಬರೆದು ಮೇಲಧಿಕಾರಿಗೆ ಕಳಿಸಿದೆ. ಒಳಗಿನ ಎಲೆಗೂ ಇದಕ್ಕೂ ಗಂಟು ಹಾಕುವ ಆಸೆ ಬಂತು. ಅಷ್ಟು ಸಲೀಸಾಗಿ ಗಂಟು ಬೀಳುವುದನ್ನು ನಾನು ನಂಬುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ.

ದೊಡ್ಡಪ್ಪ ಎದ್ದು, ಕೆಮ್ಮಿ, ಒಳಗಿರುವ ಹಿರಿಯರಿಗೆ ತಿಳಿಯಲೆಂದು ಬಾಗಿಲು ತಟ್ಟಿ ತೆರೆದರು. ಒಳಗೆ ಎಲೆ ಇಟ್ಟ ಹಾಗೇ ಇತ್ತು. ಅಮ್ಮ ಕಜ್ಜಾಯಗಳನ್ನೇ ನೋಡುತ್ತಾ ನಿಂತಳು. ಒಂದೂ ಕದಲಿರಲಿಲ್ಲ. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಎಡೆಯ ಎಲೆಯಲ್ಲಿ ಮನೆಯ ಹಿರಿಯರು ಉಣ್ಣುವುದು ನಮ್ಮಲ್ಲಿ ರೂಢಿ. ದೊಡ್ಡಪ್ಪ ಕೂತು, ಮುದ್ದೆ ಮುರಿದು, ಬಾಡು ಮುಗಿಸಿ, ಕಜ್ಜಾಯಕ್ಕೆ ಬಂದರು. ಒಂದು ತಿಂದರು. ಇನ್ನೊಂದು ತಿಂದರು. ಮೂರನೆಯದಕ್ಕೆ ತುಪ್ಪ ಕೇಳಿದರು, ಅಮ್ಮ ಹಾಕಿದಳು. ಸಕ್ಕರೆ ಕಾಯಿಲೆ ನಮ್ಮ ಅಪ್ಪನ ಕಡೆಯವರ ಪಿತ್ರಾರ್ಜಿತ. ದೊಡ್ಡಪ್ಪನಿಗೂ ಸಮಪಾಲು ಬಂದಿದೆ. ಕೈ ತೊಳೆದವರು ಜೇಬು ಮುಟ್ಟಿ ನೋಡಿಕೊಂಡರು. ಅವರ ಮಾತ್ರೆ ದುದ್ದದಲ್ಲೇ ಉಳಿದಿತ್ತು. ಅಣ್ಣತಮ್ಮಂದಿರಿಬ್ಬರಿಗೂ ಮಂಡ್ಯದ ಒಬ್ಬರೇ ಡಾಕ್ಟರು, ಒಂದೇ ಮಾತ್ರೆ. ಯಾರ ಕಡೆಯೂ ನೋಡದೆ ಅವರು ಎಲೆಯ ಬಲಮೂಲೆಗೆ ಕೈ ಚಾಚಿ ಪಟ್ಟಿ ತೆಗೆದುಕೊಂಡರು. ಅಕ್ಷರ ಕಾಣಿಸಲಿಲ್ಲ. ಅಪ್ಪನ ಕನ್ನಡಕ ಹಾಕಿಕೊಂಡು ಓದಿದರು.

ಅಮ್ಮ ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದಳು. “ಊಟ ಆದ್ ತಕ್ಸಣ ತಕಬೇಕು,” ಎಂದಳು. ಅಪ್ಪನಿಗೆ ದಿನಾ ಹೇಳುತ್ತಿದ್ದ ಅದೇ ದನಿ.

ಆಮೇಲೆ ಅಡುಗೆಮನೆಗೆ ಹೋದಳು. ಹಿಂದೆಯೇ ಹೋದೆ. ಒಲೆಯ ಪಕ್ಕ ಗೋಡೆಗೆ ಒರಗಿ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಎಷ್ಟೋ ಹೊತ್ತಿನ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು.

“ನಿಮ್ಮಪ್ಪ ಮೂರು ತಿಂದ್ರು ಕಣವ್ವ,” ಎಂದಳು. “ನಾನು ಒಂದ್ಕೂ ಬ್ಯಾಡ ಅನ್ನಲಿಲ್ಲ.”