ದ್ರೌಪದಿಯ ಪರದೆ

...ಸವಣೂರೇ ಇರಬೇಕು. ಹಾನಗಲ್ಲೂ ಇರಬಹುದು. ನಾಟಕ ಕಂಪನಿಯ ತಗಡಿನ ಥಿಯೇಟರು ಎಲ್ಲ ಊರಲ್ಲೂ ಒಂದೇ ಥರ ನಿಲ್ಲುತ್ತಿದ್ದುದರಿಂದ ಒಳಗಿನದು ನೆನಪಿದೆ, ಊರು ನೆನಪಿಲ್ಲ. ಐವತ್ತರ ದಶಕದ ಕೊನೆ ಎಂಬುದಷ್ಟೇ ಖರೆ. ನಾನು ದುಶ್ಶಾಸನ. ದ್ರೌಪದಿಯ ಪಾರ್ಟು ಮಾಡುತ್ತಿದ್ದವರು ಮಾಸೂರು ಕಡೆಯ ಒಬ್ಬ ಗಂಡಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರು.

ಬಣ್ಣದ ಕೋಣೆಯಲ್ಲಿ ನಮಗಾರಿಗೂ ನಾಚಿಕೆ ಇರಲಿಲ್ಲ. ಭೀಮ ಲಂಗೋಟಿಯಲ್ಲೇ ಕುಳಿತು ಚಹಾ ಕುಡಿಯುತ್ತಿದ್ದ. ಧರ್ಮರಾಯ ಅದೂ ಇಲ್ಲದೆ ಧೋತರ ಹುಡುಕುತ್ತಿದ್ದ. ದ್ರೌಪದಿಯ ಪಾರ್ಟಿನ ಅವರೊಬ್ಬರು ಮಾತ್ರ ಮೂಲೆಗೆ ಹಳೆಯ ಸೀರೆ ಕಟ್ಟಿ ಅದರ ಹಿಂದೆ ಬಟ್ಟೆ ಬದಲಿಸುತ್ತಿದ್ದರು.

“ಏನ್ರೀ ಅಕ್ಕಾರ, ಮಂದಿ ಮುಂದ ಆರು ಸೀರಿ ಬಿಚ್ಚಿಸ್ಕೊಂತೀರಿ, ನಮ್ಮ ಮುಂದ ಎಂಥಾ ನಾಚಿಕಿ?” ಎಂದು ಭೀಮ ಕೆಣಕುತ್ತಿದ್ದ.

“ಉಟ್ಟು ಹೊರಗ ಬಂದಮ್ಯಾಲೆ ಅಕ್ಕಾ ಅನ್ನು. ಅಲ್ಲೀತನಕ ಅತ್ತಾಗ ನಿಂದ್ರು,” ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ವಸ್ತ್ರಾಪಹರಣದ ಗುಟ್ಟು ಅವರ ಕೈಯಲ್ಲೇ ಇತ್ತು. ಒಂದರ ಮೇಲೊಂದು ಉಟ್ಟ ಸೀರೆಗಳ ತುದಿಯನ್ನು ಅವರೇ ಬಿಡಿಸಿ, ತಿರುಗುವಾಗ ನನ್ನ ಅಂಗೈಯಲ್ಲಿ ಇಡುತ್ತಿದ್ದರು. ಆಮೇಲಷ್ಟೇ ನಾನು ಎಳೆಯುವುದು. ಮೈ ಮುಟ್ಟುವ ಹಾಗಿಲ್ಲ.

ಒಂದು ಮಧ್ಯಾಹ್ನದ ಆಟಕ್ಕೆ ಮುಂಚೆ, ಉಳಿದವರು ನಗಲಿ ಎಂದು, ನಾನು ಮೂಲೆಯ ಆ ಸೀರೆಯನ್ನು ದುಶ್ಶಾಸನನ ಅಬ್ಬರದಲ್ಲೇ ಸೆಳೆದೆ. ಎಲ್ಲರೂ ನಕ್ಕರು. ಅವರು ಗೋಡೆಗೆ ಮುಖಮಾಡಿ ಮುದುಡಿ ನಿಂತರು. ನಾನು ಕಂಡದ್ದು ಬೆನ್ನು ಮಾತ್ರ. ಅಥವಾ ಹಾಗೆಂದು ಆಮೇಲೆ ನನಗೆ ನಾನೇ ಹೇಳಿಕೊಂಡಿರಬಹುದು.

ರಂಗದ ಮೇಲೆ ಸೀರೆಯ ತುದಿ ನನ್ನ ಕೈಗೆ ಬರಲಿಲ್ಲ. ಅವರು ಅದನ್ನು ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟಿದ್ದರು. ಹಾರ್ಮೋನಿಯಂ ಪೇಟಿಯ ಮಾಸ್ತರರು ಬಾರಿಸಿದ್ದನ್ನೇ ಮತ್ತೆ ಬಾರಿಸಿದರು.

“ಎಳಿಯೋ ದುಶ್ಶಾಸನ, ರೊಟ್ಟಿ ತಿಂದಿಲ್ಲೇನ?” ಎಂದು ಜನರೊಳಗಿಂದ ಯಾರೋ ಕೂಗಿದರು.

“ಕೊಡ್ರಿ,” ಎಂದೆ, ತುಟಿ ಅಲುಗಿಸದೆ.

“ಆಗ ನನ್ನ ಪರದೆ ಸೆಳಿಯೂವಾಗ ಕೇಳಿದ್ದೇನು?”

“ತಪ್ಪಾತ್ರಿ. ಇನ್ನ ಆ ಪರದೆ ಮುಟ್ಟಂಗಿಲ್ಲ.”

ತುದಿ ಅಂಗೈಗೆ ಬಂತು. ಆರೂ ಸೀರೆ ಬಿಚ್ಚಿಕೊಂಡವು. ಜನ ಚಪ್ಪಾಳೆ ಹೊಡೆದರು.

ಮರುದಿನ ಮೂಲೆಯಲ್ಲಿ ಪರದೆ ಮತ್ತೆ ಕಟ್ಟಿತ್ತು. ನೆಲಕ್ಕೆ ತಾಗುವ ಅದರ ಅಂಚಿನ ಮೇಲೆ, ಯಾರೂ ಸೆಳೆಯದಂತೆ, ಎರಡು ಕಲ್ಲು ಹೇರಿದ್ದರು. ನಾನು ದೂರದಿಂದಲೇ ಕೆಮ್ಮಿ ನಿಲ್ಲತೊಡಗಿದೆ. ಶಿಗ್ಗಾಂವದಲ್ಲಿ ಕಂಪನಿ ಮುರಿಯುವವರೆಗೂ ಸೀರೆಯ ತುದಿ ಒಮ್ಮೆಯೂ ತಪ್ಪದೆ ಕೈಗೆ ಬಂತು. ಆ ಕಲ್ಲುಗಳನ್ನು ಮಾತ್ರ ಅವರು ತೆಗೆಯಲಿಲ್ಲ. ನನ್ನನ್ನು ಕ್ಷಮಿಸಿದ್ದರೋ, ಆಟ ನಿಲ್ಲಬಾರದೆಂದು ಕೊಡುತ್ತಿದ್ದರೋ ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ.