ವೆಥಮ್ ಊರಿನವರು ಕೊಡದ ಮಣ್ಣು

ಊಟ ಮುಗಿದ ಕೂಡಲೇ ಮಿಸ್ ಡೊರೊಥಿ ತಮ್ಮ ತಟ್ಟೆಯನ್ನು ನೆಲಕ್ಕಿಟ್ಟರು. ನಾಯಿ ಬಂದು ಅದನ್ನು ಹೊಳೆಯುವಂತೆ ನೆಕ್ಕಿತು. ಆಮೇಲೆ ಅದೇ ತಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ ತೆಗೆದರು. ಒಳ್ಳೆಯ ನೀರು ಸೋಕಿಸಲೇ ಇಲ್ಲ. ನೊರೆ ಸಮೇತ ಬಟ್ಟೆಯಲ್ಲಿ ಒರೆಸಿ ಕಪಾಟಿಗೆ ಸೇರಿಸಿದರು. ಸಂಜೆ ನನಗೆ ಕೇಕ್ ಬಂದದ್ದು ಆ ಕಪಾಟಿನ ತಟ್ಟೆಯಲ್ಲೇ.

"ತಿನ್ನು, ಲವೀನಾ."

ತಟ್ಟೆಯನ್ನು ಮೆಲ್ಲನೆ ಆಚೆ ಸರಿಸಿದೆ. ಆಸ್ಪತ್ರೆಯ ವಾರ್ಡಿನಲ್ಲಿ ಕೀವು, ವಾಂತಿ ಬಳಿದ ಕೈ ನನ್ನದು, ಆಗೆಲ್ಲ ಹೇಸಿಕೆಯಾಗಿರಲಿಲ್ಲ. ಬಹರೈನಿಗೆ ಬಂದ ಮೇಲೆ ಅರಬರ ಮನೆಯಲ್ಲಿ ಒಂದೇ ಹರಿವಾಣಕ್ಕೆ ಎಲ್ಲರ ಜೊತೆ ಕೈ ಹಾಕಿ ಉಂಡಿದ್ದೇನೆ, ಅದೂ ರೂಢಿಯಾಗಿತ್ತು. ಆದರೆ ರಾತ್ರಿ ಪಾಳಿಗಳಿಂದ ಬೆನ್ನು ಸೋತು, ಸಲ್ಮಾನಿಯಾ ಆಸ್ಪತ್ರೆಯ ಕೆಲಸ ಬಿಟ್ಟು, ಸಾರ್ ಎಂಬಲ್ಲಿ ಈ ಒಂಟಿ ಇಂಗ್ಲಿಷ್ ಮುದುಕಿಯ ಮನೆ ನರ್ಸ್ ಆದಾಗ ನನಗೆ ಮತ್ತೊಮ್ಮೆ ಪರದೇಶಕ್ಕೆ ಬಂದಂತಾಯಿತು. ಬಚ್ಚಲಿನಲ್ಲಿ ಚೊಂಬಿಲ್ಲ, ಕಾಗದದ ಸುರುಳಿ ಮಾತ್ರ. ಹಾಸಿಗೆಯಲ್ಲಿ ನಾಯಿ. ನಮ್ಮ ಉಡುಪಿ ಕಡೆ ನಾಯಿ ಅಂಗಳ ದಾಟಿ ಒಳಗೆ ಬಂದರೆ ಪೊರಕೆ ಹಿಡಿಯುತ್ತೇವೆ. ಮೊದಲ ವಾರ ನಾನು ಬುತ್ತಿಯಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು ತಂದು ಅಡುಗೆಮನೆಯ ಮೂಲೆಯಲ್ಲಿ ತಿಂದೆ. ಅವರು ಮೂಗು ಮುಚ್ಚಿಕೊಂಡು ಕಿಟಕಿ ತೆರೆದರು. ಅಸಹ್ಯದಲ್ಲಿ ನಾವಿಬ್ಬರೂ ಸಮಸಮ.

ಮಿಸ್ ಮದುವೆಯಾದವರಲ್ಲ. ಹರೆಯದಲ್ಲೇ ಇಲ್ಲಿಗೆ ಬಂದು, ಅರಬ್ ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಕೊನೆಗೆ ಒಂದು ಸಣ್ಣ ಮನೆ ಕೊಂಡು ಇಲ್ಲೇ ಉಳಿದವರು. ಮಾತೆಲ್ಲ ಮಾತ್ರ ಹುಟ್ಟೂರು ವೆಥಮ್‌ದೇ. ಕಾಲಿಗೆ ಎಣ್ಣೆ ತಿಕ್ಕುವಾಗ ಶುರುವಾದರೆ ನಿಲ್ಲುತ್ತಿರಲಿಲ್ಲ. ಹಿಂದೊಮ್ಮೆ ಪ್ಲೇಗ್ ಬಂದು ಅರ್ಧ ಊರು ಸತ್ತದ್ದು. ಉಳಿದವರು ಗುಡ್ಡದ ಮೇಲೆ ಹೊಸ ಮನೆ ಕಟ್ಟಿದ್ದು. ಆಮೇಲೆ ಬಂದ ಒಬ್ಬ ಧಣಿ, ತನ್ನ ಬಂಗಲೆಯ ಕಿಟಕಿಯಿಂದ ನೋಟಕ್ಕೆ ಅಡ್ಡ ಎಂದು ಬಡವರ ಒಂದು ಸಾಲು ಮನೆಗಳನ್ನೇ ಕೆಡವಿಸಿದ್ದು.

"ಇಗರ್ಜಿಯ ಮುಂದೆ ಒಂದು ಕೆರೆ ಇದೆ," ಎಂದರು ಒಂದು ದಿನ. "ಬಾಯಿ ಜೋರಿನ ಹೆಂಗಸರನ್ನು ಕುರ್ಚಿಗೆ ಕಟ್ಟಿ ಅದರಲ್ಲಿ ಮುಳುಗಿಸುತ್ತಿದ್ದರಂತೆ."

"ಥೂ! ಈಗ ಆ ಕೆರೆ ಏನಾಗಿದೆ?"

"ಈಗ ಅಲ್ಲಿ ಬೇಸಿಗೆಯ ಉತ್ಸವ. ಪ್ಲಾಸ್ಟಿಕ್ ಬಾತುಕೋಳಿಗಳನ್ನು ತೇಲಿಬಿಟ್ಟು ಪಂದ್ಯ ಆಡುತ್ತಾರೆ. ನನ್ನ ಅಮ್ಮನ ಜ್ಯಾಮಿಗೆ ಅಲ್ಲಿ ಎರಡು ಸಲ ಬಹುಮಾನ ಬಂದಿತ್ತು." ಅಮ್ಮನ ಗೋರಿ ಆ ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲೇ ಇತ್ತು. ಪಕ್ಕದಲ್ಲಿ ತಮಗೆ ಜಾಗ ಎಂದು ಇಷ್ಟು ವರ್ಷ ಮನಸ್ಸಿನಲ್ಲಿ ಹಾಗೇ ಇಟ್ಟುಕೊಂಡಿದ್ದರು.

ಒಂದು ದಿನ ವೆಥಮ್‌ನಿಂದ ಕರೆ ಬಂತು. ಊರಿನ ಇತಿಹಾಸ ಕಟ್ಟುತ್ತಿದ್ದಾರಂತೆ, ಹಳಬರ ನೆನಪು ಬೇಕಂತೆ. ಮಿಸ್ ಮುತ್ತಿನ ಸರ ಹಾಕಿ, ಲಿಪ್‌ಸ್ಟಿಕ್ ಹಚ್ಚಿ ಲ್ಯಾಪ್‌ಟಾಪಿನ ಮುಂದೆ ಕುಳಿತರು. ತೆರೆಯ ಮೇಲೆ ಊರಿನ ಸಭಾಭವನ. ಉದ್ದ ಮೇಜು, ಕೇಕು, ಹತ್ತಾರು ಬಿಳಿತಲೆಗಳು. ಸಮಿತಿಯ ಅಧ್ಯಕ್ಷ ಪೀಟರ್ ಎಂಬಾತ ಕೇಳಿದ್ದಕ್ಕೆಲ್ಲ ಮಿಸ್ ಹೇಳಿದರು: ಸುಗ್ಗಿಯ ಊಟ, ಕಮ್ಮಾರನ ಕುಂಟು ಕುದುರೆ, ಹಿಮ ಬಿದ್ದು ಶಾಲೆ ಮುಚ್ಚಿದ್ದು. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಆಗ ಮಿಸ್ ಗೋರಿಯ ಮಾತೆತ್ತಿದರು.

ಪೀಟರ್ ಕನ್ನಡಕ ತೆಗೆದ. "ಡೊರೊಥಿ, ಅದು ಸ್ವಲ್ಪ ಕಷ್ಟ. ಜಾಗ ಕಡಿಮೆ. ಊರಿನಲ್ಲಿ ವಾಸ ಇರುವವರಿಗೆ ಮಾತ್ರ ಎಂದು ನಿಯಮ ಮಾಡಿದ್ದೇವೆ."

"ನಾನು ಅಲ್ಲಿ ಹುಟ್ಟಿದವಳು, ಪೀಟರ್."

"ಹೌದು, ಹೌದು. ನಿಮ್ಮ ಹೆಸರಿನಲ್ಲಿ ಕೆರೆಯ ಹತ್ತಿರ ಒಂದು ಬೆಂಚು ಹಾಕಿಸೋಣವೇ?"

ಹಿಂದಿನಿಂದ ಒಬ್ಬ ಹೆಂಗಸಿನ ದನಿ. ಮೈಕು ತೆರೆದಿದೆ ಎಂದು ಅವಳಿಗೆ ತಿಳಿದಿರಲಿಲ್ಲ. "ಬಿಸಿಲು ಬೇಕೆಂದು ಬಿಟ್ಟು ಹೋಗುತ್ತಾರೆ. ಸಾಯುವಾಗ ಮಾತ್ರ ಮಣ್ಣು ಕೇಳಿಕೊಂಡು ಬರುತ್ತಾರೆ."

ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ. ಯಾರೋ ಕೇಕು ಕತ್ತರಿಸುತ್ತಲೇ ಇದ್ದರು. ನಾಯಿ ನೆಕ್ಕಿದ ತಟ್ಟೆಯ ಹೇಸಿಕೆ ಇದರ ಮುಂದೆ ಏನೂ ಅಲ್ಲ. ನೆನಪುಗಳನ್ನೆಲ್ಲ ಹಿಂಡಿ ತೆಗೆದುಕೊಂಡು ಸಿಪ್ಪೆ ಬಿಸಾಡಿದ ಹಾಗೆ. ನಾನೇ ಲ್ಯಾಪ್‌ಟಾಪು ಮುಚ್ಚಿದೆ. ಮಿಸ್ ನಿಧಾನವಾಗಿ ಲಿಪ್‌ಸ್ಟಿಕ್ ಒರೆಸಿಕೊಂಡರು. ಆ ದಿನ ಊಟ ಮಾಡಲಿಲ್ಲ.

ಮನೆಗೆ ಬಂದವಳೇ ಊರಿಗೆ ಫೋನು ಮಾಡಿ ಮಾಂಯ್ ಹತ್ತಿರ, ಅಂದರೆ ನನ್ನ ತಾಯಿಯ ಹತ್ತಿರ, ಹೊಟ್ಟೆಯ ಸಂಕಟ ಹೇಳಿಕೊಂಡೆ.

"ಅದರಲ್ಲೇನು ತಪ್ಪು ಬಾಯೆ?" ಎಂದರು ಮಾಂಯ್. "ಊರು ಬಿಟ್ಟವರಿಗೆಲ್ಲ ಜಾಗ ಇಟ್ಟುಕೊಂಡು ಕೂರಲಿಕ್ಕೆ ಆಗುತ್ತದಾ? ನಮ್ಮ ಇಗರ್ಜಿಯಲ್ಲೂ ಈಗ ಅದೇ ಮಾತು. ಗುರ್ಕಾರ ಬಂದು ಕೇಳಿ ಹೋದ, ನಿನ್ನ ಹೆಸರು ವಾಡೆಯ ಪಟ್ಟಿಯಲ್ಲಿ ಇಡಬೇಕಾ, ತೆಗೆಯಬೇಕಾ ಅಂತ. ತೆಗೆದರೆ ಇಲ್ಲಿ ಮಣ್ಣಿಲ್ಲ." ಗುರ್ಕಾರ ಅಂದರೆ ನಮ್ಮ ಕ್ರೈಸ್ತರ ವಾಡೆಯ, ಅಂದರೆ ಕೇರಿಯ, ಮುಖಂಡ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೆನೆಹಬ್ಬಕ್ಕೆ ಒಯ್ದವನು.

"ಏನು ಹೇಳಿದಿರಿ?"

"ನೀನೇ ಹೇಳಬೇಕಲ್ಲ."

ವೆಥಮ್‌ನವರ ಮೇಲೆ ಉಗಿಯಬೇಕೆಂದಿದ್ದ ಎಂಜಲು ಬಾಯಲ್ಲೇ ಉಳಿಯಿತು.

ಮುಂದಿನ ಶುಕ್ರವಾರ ಮಿಸ್ ತಾವಾಗಿಯೇ, "ಇಲ್ಲಿನ ಸ್ಮಶಾನ ತೋರಿಸು," ಎಂದರು. ನನ್ನ ಗಂಡ ಆಲ್ವಿನ್ ನಮ್ಮ ಮನೆಯಿರುವ ಸನದ್‌ನಿಂದ ಕಾರು ತಂದ. ಸಲ್ಮಾಬಾದಿನ ಗೋದಾಮು, ಗ್ಯಾರೇಜುಗಳನ್ನು ದಾಟಿ ಹೋದೆವು. ಗಾಳಿಯಲ್ಲಿ ಡೀಸೆಲ್ ವಾಸನೆ. ಮರವಿಲ್ಲ, ಹುಲ್ಲಿಲ್ಲ, ಬಿಳಿಚಿಕೊಂಡ ಮರಳು. ಗೋರಿಗಳ ಮೇಲೆ ಮಲಯಾಳಿ, ಗೋವಾದ, ಫಿಲಿಪಿನೋ ಹೆಸರುಗಳು. ಮಿಸ್ ಮೂಗು ಮುರಿದರು.

"ಎಂಥ ಕೊಳಕು ಜಾಗ!"

"ಹೌದು ಮಿಸ್."

ಗಾಲಿಕುರ್ಚಿಯಿಂದಲೇ ಒಂದೊಂದು ಗೋರಿಯ ಹೆಸರು ಓದಿದರು. ಕೊನೆಗೆ, "ಇಲ್ಲಿ ಯಾರೂ ನನ್ನ ವಿಳಾಸ ಕೇಳುವುದಿಲ್ಲ ಅಲ್ಲವೇ?" ಎಂದರು. ಕೈ ಕೊಡವಿ, "ಖಲಾಸ್," ಎಂದರು. ಮುಗಿಯಿತು ಎನ್ನಲು ಇಲ್ಲಿಯವರು ಹೇಳುವ ಮಾತು. ಆಲ್ವಿನ್ ಮುಖ ತಿರುಗಿಸಿಕೊಂಡ.

ಸೆಕೆ ಏರುವ ಮೊದಲೇ ಅವರು ತೀರಿಕೊಂಡರು. ಹೂಳುವ ದಿನ ನಾನೂ ಆಲ್ವಿನ್ನೂ ಮಾತ್ರ ಇರುತ್ತೇವೆಂದುಕೊಂಡಿದ್ದೆ. ಕಪ್ಪು ಅಬಾಯ ತೊಟ್ಟ ಹೆಂಗಸರು ಕಾರು ಕಾರು ತುಂಬಿ ಬಂದರು. ಎಲ್ಲರೂ ಅವರ ಹಳೆಯ ವಿದ್ಯಾರ್ಥಿನಿಯರು, ಈಗ ಅಜ್ಜಿಯಂದಿರು. ಅವರಲ್ಲೊಬ್ಬಳು ಬಗ್ಗಿ ಮೊದಲ ಹಿಡಿ ಮಣ್ಣು ಹಾಕಿದಳು. "ನಮ್ಮ ಮಿಸ್," ಎಂದಳು, ಇಂಗ್ಲಿಷಿನಲ್ಲೇ, ತಪ್ಪಿಲ್ಲದೆ.

ವೆಥಮ್‌ನಿಂದ ಪೀಟರನ ಸಂದೇಶ ಬಂತು. ಊರಿನ ಇತಿಹಾಸದ ಸಮಾರಂಭದಲ್ಲಿ ಡೊರೊಥಿಯ ನೆನಪುಗಳನ್ನು ಓದಿದರಂತೆ, ಜನ ಕಣ್ಣೀರಿಟ್ಟರಂತೆ. ಕೆರೆಯ ಫೋಟೋ ಕೂಡ ಕಳಿಸಿದ್ದ. ಅಳಿಸಿ ಹಾಕಿದೆ.

ಮಾಂಯ್ ಮತ್ತೆ ಫೋನಿನಲ್ಲಿ ಕೇಳಿದರು. "ಇರಲಿ, ತೆಗೆಸಬೇಡಿ," ಎಂದೆ. ಫೋನು ಇಟ್ಟು ಆಲ್ವಿನ್‌ನ ಕಡೆ ತಿರುಗಿ, "ಸಲ್ಮಾಬಾದಿನ ಸ್ಮಶಾನದಲ್ಲೂ ಒಮ್ಮೆ ವಿಚಾರಿಸಿ ಇಡುವ," ಎಂದೆ.

"ಹುಚ್ಚಾ ನಿನಗೆ? ಎರಡು ಕಡೆ ಹೂಳಲಿಕ್ಕೆ ಆಗುತ್ತದಾ?" ಎಂದು ಅವನು ರೇಗಿದ.

ಆಗುವುದಿಲ್ಲ, ನನಗೂ ಗೊತ್ತು. ಒಂದು ಕಡೆಯಾದರೂ ಬೇಡವೆನ್ನದೆ ಇರಲಿ ಎಂದಷ್ಟೇ ಕೇಳಿದ್ದು.